ಮರುಕಳಿಸಿದ ವ್ಯಾಧಿಗೆ ಮರಳಿ ಶಸ್ತ್ರವೇ?



ಈ ಅಂಕಣದಲ್ಲಿ ನಾವು ಶರಣರ ಚರಿತ್ರೆ, ವ್ರತನಿಯಮ, ಮನೆತನದ ಆಚಾರ ಮೊದಲಾದವುಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ಸಲದ ವಿಷಯ ಬೇರೆ. ಕಳೆದ ಶ್ರಾವಣದ ಒಂದು ಸೋಮವಾರ ಸವದತ್ತಿ ತಾಲೂಕಿನ, ಮಲಪ್ರಭೆಯ ದಂಡೆಯ ಗ್ರಾಮವೊಂದರಿಂದ ಒಕ್ಕಲುತನದ ಮನೆತನದವರು ನಮ್ಮಲ್ಲಿಗೆ ಬಂದಿದ್ದರು. ತಂದೆಗೆ ಅರವತ್ತು ಸಮೀಪಿಸಿದ ವಯಸ್ಸು. ಮೂರು ವರ್ಷಗಳ ಹಿಂದೆ ಅವರಿಗೆ ಜಠರದ ಕ್ಯಾನ್ಸರ್ ಆಗಿ, ಜಠರದ ಕೆಳಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಸಣ್ಣ ಕರುಳಿಗೆ ಜೋಡಿಸಲಾಗಿತ್ತು. ಅನಂತರ ಕೆಲವು ತಿಂಗಳು ಕೀಮೋ ಔಷಧವೂ ಆಯಿತು. ಮನುಷ್ಯ ಚೇತರಿಸಿಕೊಂಡು ಹೊಲಕ್ಕೆ ಹೋಗತೊಡಗಿದರು. ಒಂದು ವರ್ಷ ತಪಾಸಣೆಗೆ ಹೋದರು. ಆಮೇಲೆ, ನೇಗಿಲು ಹಿಡಿಯುವವನಿಗೆ ಇನ್ನೆಂಥ ತಪಾಸಣೆ ಎಂದು ಬಿಟ್ಟರು. ಈ ವರ್ಷ ಮುಂಗಾರಿ ಬಿತ್ತನೆಯ ಹೊತ್ತಿಗೆ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ತೂಕ ಇಳಿಯುವುದು, ಕೊನೆಗೆ ಹೊಟ್ಟೆ ಉಬ್ಬುವುದು ಪ್ರಾರಂಭವಾಯಿತು. ಸ್ಕ್ಯಾನ್ ಮಾಡಿಸಿದರು. ಒಂದು ಕಡೆ, ಮತ್ತೊಮ್ಮೆ ಹೊಟ್ಟೆ ತೆರೆದು ಆದಷ್ಟು ತೆಗೆಯೋಣ ಎಂದರು. ಇನ್ನೊಂದು ಕಡೆ, ಶಸ್ತ್ರದಿಂದ ಪ್ರಯೋಜನವಿಲ್ಲ, ಔಷಧ ಮಾತ್ರ ಎಂದರು.

ಎರಡು ಎಕರೆ ಮಾರಲು ಗಿರಾಕಿಯನ್ನು ನೋಡಿಯಾಗಿತ್ತು. ಹಿರಿಯ ಮಗ ಕೈಮುಗಿದು ನಿಂತು, “ಗುರುಗಳ, ಇನ್ನೊಮ್ಮೆ ಕೊಯ್ಸೂದೋ ಬ್ಯಾಡೋ, ನೀವ ಒಂದ್ ಮಾತ್ ಹೇಳ್ರಿ” ಎಂದರು. ತಂದೆ ಹೊರಗೆ ಜಗಲಿಯ ಮೇಲೆ ಕುಳಿತಿದ್ದರು. ಅವರಿಗೆ ಇದು ಬರಿಯ ಗಡ್ಡೆ ಎಂದು ಮಾತ್ರ ಹೇಳಲಾಗಿತ್ತು.

ಆ ದಿನ ನಾವು ಉತ್ತರ ಕೊಡಲಿಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಆಗಮ ಕಲಿತವರು ನಾವು, ವೈದ್ಯವಲ್ಲ. ಎಂಟು ದಿನಗಳ ಅವಕಾಶ ಕೇಳಿಕೊಂಡು, ಬೆಳಗಾವಿಯಲ್ಲೊಬ್ಬರು, ಹುಬ್ಬಳ್ಳಿಯಲ್ಲೊಬ್ಬರು, ನಮಗೆ ಪರಿಚಿತರಾದ ಇಬ್ಬರು ತಜ್ಞವೈದ್ಯರನ್ನು ವಿಚಾರಿಸಿದೆವು. ಅವರು ಕೊಟ್ಟ ಬರಹಗಳನ್ನು ಅರ್ಥವಾದಷ್ಟು ಓದಿದೆವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳ ಮನೆಗಳಿಂದ ಇದೇ ಬಗೆಯ ಪ್ರಶ್ನೆ ನಮ್ಮ ಬಳಿಗೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುವುದರಿಂದ, ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ‘ಮರುಕಳಿಕೆ’ ಎಂದರೇನೆಂಬುದನ್ನು ತಿಳಿಯಬೇಕು. ಶಸ್ತ್ರಕ್ರಿಯೆಯಲ್ಲಿ ವೈದ್ಯರು ಗಂಟನ್ನೂ, ಅದರ ಸುತ್ತಣ ಆರೋಗ್ಯವಂತ ಭಾಗವನ್ನೂ, ಸಮೀಪದ ದುಗ್ಧಗ್ರಂಥಿಗಳನ್ನೂ ತೆಗೆದಿರುತ್ತಾರೆ. ಆದರೂ ಕಣ್ಣಿಗಾಗಲಿ ಸ್ಕ್ಯಾನಿಗಾಗಲಿ ಕಾಣದ ರೋಗಕಣಗಳು ಅದಕ್ಕೂ ಮೊದಲೇ ಬೇರೆಡೆಗೆ ಹೋಗಿ ಕುಳಿತಿರಬಹುದು. ನಮ್ಮ ಎರೆಹೊಲದ ಒಕ್ಕಲಿಗರಿಗೆ ಕರಿಕೆಯ ಕಾಟ ಗೊತ್ತು. ಆಳವಾಗಿ ಅಗೆದು ಕಿತ್ತು ಹಾಕಿದರೂ ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೆ ಮುಂದಿನ ಮಳೆಗೆ ಚಿಗುರುತ್ತದೆ. ಬದುವಿನ ಒಂದು ಮೂಲೆಯಲ್ಲಿ ಮಾತ್ರ ಚಿಗುರಿದ್ದರೆ ಮತ್ತೆ ಅಗೆದು ತೆಗೆಯಬಹುದು. ಆದರೆ ಹೊಲದ ತುಂಬ ಕಸದ ಬೀಜ ಚೆಲ್ಲಿ ಮೊಳೆತಿದ್ದರೆ ಗುದ್ದಲಿ ಹಿಡಿದು ಹೋಗುವವನಾರು? ಜಠರದ ಕ್ಯಾನ್ಸರ್ ಮರುಕಳಿಸುವಾಗ ಬಹುತೇಕ ಎರಡನೆಯ ರೀತಿಯಲ್ಲಿಯೇ ಮರುಕಳಿಸುತ್ತದೆ. ಮೊದಲ ರೀತಿಯದು ವಿರಳ. ಮಗನ ಪ್ರಶ್ನೆಗೆ ಉತ್ತರವೆಲ್ಲ ಈ ಭೇದದಲ್ಲಿಯೇ ಅಡಗಿದೆ.

ಈ ಮಾತು ಇಂದಿನದಲ್ಲ. ಜಠರದ ಕ್ಯಾನ್ಸರಿನ ಶಸ್ತ್ರಕ್ರಿಯೆ ಎಷ್ಟು ಹಳೆಯದೋ ಮರುಕಳಿಕೆಯ ದುಃಖವೂ ಅಷ್ಟೇ ಹಳೆಯದು. 1879ರಲ್ಲಿ ಪ್ಯಾರಿಸ್ಸಿನ ಪೇಯಾನ್, 1880ರಲ್ಲಿ ಪೋಲೆಂಡಿನ ರೀಡಿಗಿಯರ್ ಎಂಬ ವೈದ್ಯರು ಪ್ರಯತ್ನಿಸಿದರು, ರೋಗಿಗಳು ಬದುಕಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡರ್ ಬಿಲ್‌ರೋತ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರು ತೆರೇಸಾ ಹೆಲ್ಲರ್ ಎಂಬ 43 ವರ್ಷದ ತಾಯಿಯ ಜಠರದ ಕೆಳಭಾಗವನ್ನು ತೆಗೆದು ಕರುಳಿಗೆ ಹೊಲಿದರು. ಆಕೆ ಎದ್ದು ಉಂಡಳು, ನಡೆದಳು. ಇದು ಜಗತ್ತಿನಲ್ಲಿ ಸಫಲವಾದ ಮೊದಲನೆಯದು. ಆದರೆ ನಾಲ್ಕು ತಿಂಗಳಲ್ಲಿಯೇ ವ್ಯಾಧಿ ಮರಳಿತು, ಆಕೆ ತೀರಿಕೊಂಡಳು. ಹೊಲಿಗೆ ಗಟ್ಟಿಯಾಗಿತ್ತು, ರೋಗವು ಆಗಲೇ ಬೇರೆಡೆ ಹೋಗಿತ್ತು. ಮುಂದೆ 1897ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕಾರ್ಲ್ ಶ್ಲಾಟರ್ ಎಂಬವರು ಇಡೀ ಜಠರವನ್ನೇ ತೆಗೆದು, ಅನ್ನನಾಳವನ್ನು ನೇರವಾಗಿ ಕರುಳಿಗೆ ಜೋಡಿಸಿದರು. ಆ ಮಹಿಳೆ ಒಂದು ವರ್ಷಕ್ಕೂ ಮಿಕ್ಕಿ ಬಾಳಿದಳು. ಜಠರವಿಲ್ಲದೆಯೂ ಮನುಷ್ಯ ಉಣ್ಣಬಲ್ಲನೆಂದು ಜಗತ್ತಿಗೆ ತಿಳಿದುದು ಆಗ. ಅಂದಿಗೂ ಇಂದಿಗೂ ಶಸ್ತ್ರವಿದ್ಯೆಯಲ್ಲಿ ಅಪಾರ ಅಂತರವುಂಟಾಗಿದೆ. ರೋಗ ಎಳೆಯದಿರುವಾಗ ಶಸ್ತ್ರಕ್ರಿಯೆಗೆ ಒಳಗಾದ ಬಹುಜನರು ಪೂರ್ತಿ ಗುಣವಾಗುತ್ತಾರೆ. ಆದರೆ ತಡವಾಗಿ ಬಂದವರಲ್ಲಿ ಮರುಕಳಿಕೆಯ ಭಯ ಇಂದಿಗೂ ಉಳಿದಿದೆ.

ಮರುಕಳಿಸುವುದಾದರೆ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಐದು ವರ್ಷಗಳು ಕಳೆದ ಮೇಲೆ ಬರುವುದು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. ಕರುಳುಗಳಿಗೂ ಹೊಟ್ಟೆಯ ಒಳಗೋಡೆಗೂ ಹೊದಿಸಿದ ತೆಳುಪೊರೆಯೊಂದಿದೆ. ಅದರ ಮೇಲೆ ಸಾಸಿವೆಕಾಳಿನಂತೆ ಚೆದುರುವುದು ಒಂದು ಬಗೆ. ರಕ್ತದ ಮೂಲಕ ಯಕೃತ್ತಿಗೆ, ಎಂದರೆ ಲಿವರಿಗೆ, ಹೋಗುವುದು ಇನ್ನೊಂದು. ದುಗ್ಧಗ್ರಂಥಿಗಳಲ್ಲಿ ಬೆಳೆಯುವುದು ಮತ್ತೊಂದು. ಉಳಿದ ಜಠರದಲ್ಲಿ ಅಥವಾ ಜೋಡಿಸಿದ ಹೊಲಿಗೆಯಲ್ಲಿ ಬರುವುದೂ ಉಂಟು. ಹೆಣ್ಣುಮಕ್ಕಳಲ್ಲಿ ಅಂಡಾಶಯಕ್ಕೆ ಹೋಗುವ ಬಗೆಯನ್ನು 1896ರಲ್ಲಿ ಜರ್ಮನಿಯ ಕ್ರೂಕೆನ್‌ಬರ್ಗ್ ಎಂಬವರು ವರ್ಣಿಸಿದ್ದರಿಂದ ಇಂದಿಗೂ ಅದಕ್ಕೆ ಅವರದೇ ಹೆಸರು. ಶಸ್ತ್ರಕ್ರಿಯೆಯ ಕಲೆಯ ಮೇಲೆ, ಚರ್ಮದ ಅಡಿಯಲ್ಲಿ ಗಂಟಾಗುವಂಥ ಇನ್ನೂ ವಿರಳವಾದ ಬಗೆಗಳೂ ಇವೆ.

ಇವುಗಳಲ್ಲಿ ಮರಳಿ ಶಸ್ತ್ರಕ್ಕೆ ಅವಕಾಶವಿರುವುದು ಯಾವಾಗ? ನಮ್ಮ ವೈದ್ಯಮಿತ್ರರು ಹೇಳಿದ್ದಿಷ್ಟು. ರೋಗವು ಒಂದೇ ಕಡೆ ಇರಬೇಕು. ಬೇರೆಡೆ ಇಲ್ಲವೆಂದು ಪರೀಕ್ಷೆಗಳಿಂದ ದೃಢವಾಗಬೇಕು. ಅದನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಿರಬೇಕು. ರೋಗಿಗೆ ತಾಳಿಕೊಳ್ಳುವ ಶಕ್ತಿ ಇರಬೇಕು. ಮೊದಲ ಶಸ್ತ್ರಕ್ರಿಯೆಗೂ ಮರುಕಳಿಕೆಗೂ ನಡುವೆ ದೀರ್ಘಕಾಲ ಕಳೆದಿದ್ದರೆ, ಕೆಲ ಕಾಲ ಔಷಧ ಕೊಟ್ಟಾಗ ರೋಗ ಕುಗ್ಗಿದರೆ, ಅದು ಒಳ್ಳೆಯ ಲಕ್ಷಣ. ಉಳಿದ ಜಠರದಲ್ಲಿ ಮಾತ್ರ ಬಂದಿದ್ದರೆ ಆ ಉಳಿದುದನ್ನೂ ತೆಗೆಯಬಹುದು. ಲಿವರಿನಲ್ಲಿ ಒಂದೇ ಒಂದು ಸಣ್ಣ ಗಂಟಿದ್ದರೆ ಆಯ್ದ ಕೆಲವರಲ್ಲಿ ಅದನ್ನು ಕತ್ತರಿಸಿ ತೆಗೆಯುವುದುಂಟು. ಅಂಡಾಶಯದಲ್ಲಿ ಮಾತ್ರವಿದ್ದರೆ ಅದನ್ನು ತೆಗೆದು ಔಷಧ ಮುಂದುವರಿಸುವುದುಂಟು. ಹೊಟ್ಟೆಯ ಪೊರೆಯ ಮೇಲೆ ಚೆದುರಿದ್ದರೆ, ಪೊರೆಯನ್ನು ಸುಲಿದು ಬಿಸಿ ಔಷಧವನ್ನು ಹೊಟ್ಟೆಯೊಳಗೆ ಹರಿಸುವ ದೊಡ್ಡ ಶಸ್ತ್ರಕ್ರಿಯೆಯೊಂದಿದೆ. ಅದು ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ, ರೋಗ ಅತ್ಯಲ್ಪವಾಗಿದ್ದವರಿಗೆ ಮಾತ್ರ. ಜಠರದ ಕ್ಯಾನ್ಸರಿನಲ್ಲಿ ಅದರಿಂದ ಆಯುಷ್ಯ ಹೆಚ್ಚುತ್ತದೆಂಬುದು ಇನ್ನೂ ಸಿದ್ಧವಾದ ಮಾತಲ್ಲ. ದೂರದ ನಗರದಲ್ಲಿ ಹೊಸ ಯಂತ್ರ ಬಂದಿದೆಯೆಂಬ ಸುದ್ದಿ ಕೇಳಿ ಹೊಲಮನೆ ಒತ್ತೆಯಿಡುವ ಮುನ್ನ ಈ ಮಾತನ್ನು ನೆನೆಯಬೇಕು.

ವಿರಳವಾದರೂ ಸಫಲವಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ರಾಮದುರ್ಗ ತಾಲೂಕಿನ ಒಬ್ಬ ನೇಕಾರ ಹಿರಿಯರು, ಗೊಡಚಿ ವೀರಭದ್ರನ ಜಾತ್ರೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಅವರಿಗೆ ತಾರುಣ್ಯದಲ್ಲಿ ಹೊಟ್ಟೆಹುಣ್ಣಿಗಾಗಿ ಜಠರದ ಶಸ್ತ್ರಕ್ರಿಯೆಯಾಗಿತ್ತು. ಹುಣ್ಣಿಗೆ ಒಳ್ಳೆಯ ಗುಳಿಗೆಗಳು ಬರುವ ಮುಂಚೆ ಇಂಥ ಶಸ್ತ್ರಕ್ರಿಯೆಗಳು ಎಲ್ಲೆಡೆ ಸಾಮಾನ್ಯವಾಗಿದ್ದವು. ನಮ್ಮ ಹಿರಿಯ ತಲೆಮಾರಿನ ಅನೇಕರ ಹೊಟ್ಟೆಯ ಮೇಲೆ ಆ ಗೆರೆಯನ್ನು ಈಗಲೂ ಕಾಣಬಹುದು. ಹೀಗೆ ಕತ್ತರಿಸಿ ಉಳಿದ ಜಠರದಲ್ಲಿ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಹೊಸದಾಗಿ ಕ್ಯಾನ್ಸರ್ ಹುಟ್ಟುವ ಸಂಭವ ಸ್ವಲ್ಪ ಹೆಚ್ಚು ಎಂಬುದು ವೈದ್ಯರಿಗೆ ತಿಳಿದ ಸಂಗತಿ. ಈ ಹಿರಿಯರಿಗೂ ಹಾಗೆಯೇ ಆಯಿತು. ಇದನ್ನು ಮರುಕಳಿಕೆ ಎನ್ನುವಂತಿಲ್ಲ, ಹೊಸ ರೋಗವೇ ಸರಿ. ಆದರೆ ಶಸ್ತ್ರವೈದ್ಯನ ಪಾಲಿಗೆ ಎರಡರ ಕಷ್ಟವೂ ಒಂದೇ: ಒಮ್ಮೆ ತೆರೆದು ಹೊಲಿದ ಹೊಟ್ಟೆಯನ್ನು ಮತ್ತೆ ತೆರೆಯುವುದು. ಒಳಗೆ ಕರುಳು, ಲಿವರು, ಹಳೆಯ ಹೊಲಿಗೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. “ಹಾಸು ಒಮ್ಮೆ ಹರದ ಗಂಟ ಹಾಕಿದ್ರ, ಅದ ಜಾಗಾದಾಗ ಮತ್ತ ಹರದ್ರ ಎಳಿ ಹುಡುಕೂದ ಒಂದ ದಿನದ ಕೆಲಸ ನೋಡ್ರಿ” ಎಂದು ಆ ನೇಕಾರರು ತಮ್ಮ ವೈದ್ಯರಿಗೇ ಹೇಳಿದರಂತೆ. ವೈದ್ಯರು ನಕ್ಕು ಒಪ್ಪಿದರಂತೆ. ರೋಗ ಬೇರೆಡೆ ಇರಲಿಲ್ಲ. ಉಳಿದ ಜಠರವನ್ನೆಲ್ಲ ತೆಗೆದರು. ಇಂದಿಗೆ ಆರನೆಯ ವರ್ಷ. ಮಗ್ಗದ ಮುಂದೆ ಅರ್ಧದಿನ ಕೂಡುತ್ತಾರೆ. ದಿನಕ್ಕೆ ಆರು ಸಲ ಅಂಗೈಯಷ್ಟು ಉಣ್ಣುತ್ತಾರೆ.

ಆದರೆ ಇವರನ್ನು ತೋರಿಸಿ ಎಲ್ಲರಿಗೂ ಶಸ್ತ್ರ ಮಾಡಿಸಿರೆಂದು ಹೇಳುವುದು ಅನ್ಯಾಯ. ಜಪಾನ್, ಕೊರಿಯಾ, ಸಿಂಗಪುರಗಳ ವೈದ್ಯರು ಕೂಡಿ ನಡೆಸಿದ ಒಂದು ಪರೀಕ್ಷೆಯ ಫಲ 2016ರಲ್ಲಿ ಪ್ರಕಟವಾಯಿತು. ಅವರು ನೋಡಿದ್ದು ಮರುಕಳಿಸಿದವರನ್ನಲ್ಲ. ಮೊದಲ ಸಲವೇ ರೋಗ ಜಠರದಾಚೆಗೆ ಹರಡಿದ್ದ 175 ಜನರನ್ನು. ಕೆಲವರಿಗೆ ಜಠರವನ್ನು ತೆಗೆದು ಆಮೇಲೆ ಔಷಧ, ಉಳಿದವರಿಗೆ ಔಷಧ ಮಾತ್ರ. ಶಸ್ತ್ರಕ್ಕೆ ಒಳಗಾದವರು ಹೆಚ್ಚು ಕಾಲ ಬದುಕಲಿಲ್ಲ. ಮೂಲೆಯ ಕರಿಕೆಯನ್ನು ಅಗೆದರೂ ಹೊಲದ ತುಂಬ ಮೊಳೆತ ಕಸ ನಿಲ್ಲುವುದಿಲ್ಲವೆಂಬುದು ಜಗತ್ತಿನ ನುರಿತ ಶಸ್ತ್ರವೈದ್ಯರ ಕೈಯಲ್ಲಿಯೂ ನಿಜವಾಯಿತು. ಶಸ್ತ್ರಕ್ಕೆ ಹೋದವನು ವಾರಗಟ್ಟಲೆ ನೋವು ತಿಂದು, ಸೊರಗಿ, ಅದರಿಂದಾಗಿ ಔಷಧಕ್ಕೆ ಬೇಕಾದ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಹಾಗೆಂದು ಹರಡಿದ ರೋಗದಲ್ಲಿ ಶಸ್ತ್ರವೈದ್ಯನಿಗೆ ಕೆಲಸವೇ ಇಲ್ಲವೆಂದಲ್ಲ. ಅನ್ನದ ದಾರಿ ಕಟ್ಟಿದ್ದರೆ ಪಕ್ಕದಿಂದ ಬೇರೊಂದು ದಾರಿ ಜೋಡಿಸುವುದು, ಕೊಳವೆಯಿಟ್ಟು ದಾರಿ ತೆರೆಯುವುದು, ಕರುಳಿಗೆ ಸಣ್ಣ ನಳಿಕೆ ಇಟ್ಟು ಆಹಾರ ಕೊಡುವುದು, ರಕ್ತ ಸೋರುವುದನ್ನು ನಿಲ್ಲಿಸುವುದು ಇವೆಲ್ಲ ಇವೆ. ಇವು ರೋಗವನ್ನು ಗುಣಪಡಿಸಲು ಅಲ್ಲ, ಉಳಿದ ದಿನಗಳಲ್ಲಿ ಎರಡು ತುತ್ತು ಇಳಿಯಲೆಂದು. ಯಾವ ಉದ್ದೇಶಕ್ಕೆ ಶಸ್ತ್ರ ಎಂಬುದನ್ನು ವೈದ್ಯರಲ್ಲಿ ಬಾಯಿಬಿಟ್ಟು ಕೇಳಬೇಕು: “ಇದು ಗುಣವಾಗಲೆಂದೋ, ಕಷ್ಟ ಕಡಿಮೆಯಾಗಲೆಂದೋ?” ಈ ಒಂದು ಪ್ರಶ್ನೆಯನ್ನು ಕೇಳದೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ ಮನೆತನಗಳು ನಮಗೆ ಹಲವಾರು ಗೊತ್ತು.

ಔಷಧವೆಂದರೆ ಕೈಚೆಲ್ಲಿದಂತೆ ಎಂದೂ ತಿಳಿಯಬಾರದು. ಗಂಟಿನ ತುಣುಕನ್ನು ಪರೀಕ್ಷಿಸಿ, ಹರ್-2 ಎಂಬ ಗುರುತು ಇದ್ದವರಿಗೆ ಅದಕ್ಕೆಂದೇ ಇರುವ ಔಷಧವನ್ನು ಕೀಮೋದೊಡನೆ ಕೊಟ್ಟರೆ ಆಯುಷ್ಯ ಹೆಚ್ಚುವುದೆಂದು 2010ರಲ್ಲಿಯೇ ಕಂಡುಕೊಳ್ಳಲಾಗಿದೆ. ಆಮೇಲೆ ಇನ್ನೂ ಹೊಸವು ಬಂದಿವೆ. ಆ ತುಣುಕಿನ ಪರೀಕ್ಷೆ ಆಗಿದೆಯೇ ಎಂದು ಕೇಳುವುದು ನಮ್ಮ ಹಕ್ಕು.

ಮರುಕಳಿಕೆಯನ್ನು ಬೇಗ ಗುರುತಿಸುವುದು ಹೇಗೆ? ಇಲ್ಲಿ ಒಂದು ಪ್ರಸಂಗವನ್ನು ಹೇಳದಿರಲಾರೆವು. ಅಮೆರಿಕದ ರೋಚೆಸ್ಟರ್ ಎಂಬ ಊರಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಜೋಸೆಫ್ ಎಂಬ ಕ್ರೈಸ್ತ ಸನ್ಯಾಸಿನಿ ಇದ್ದಳು. ಖ್ಯಾತ ಶಸ್ತ್ರವೈದ್ಯ ವಿಲಿಯಂ ಮೇಯೋ ಅವರಿಗೆ ಶಸ್ತ್ರಕ್ರಿಯೆಯಲ್ಲಿ ಸಹಾಯ ಮಾಡುವುದು ಆಕೆಯ ಕಾಯಕ. ಶಸ್ತ್ರಕ್ಕೆ ಮುನ್ನ ರೋಗಿಗಳ ಹೊಟ್ಟೆಯನ್ನು ತೊಳೆದು ಸಿದ್ಧಪಡಿಸುವಾಗ ಕೆಲವರ ಹೊಕ್ಕುಳಲ್ಲಿ ಗಟ್ಟಿಯಾದ ಗಂಟು ಕೈಗೆ ತಾಗುವುದನ್ನೂ, ಅಂಥವರ ಹೊಟ್ಟೆ ತೆರೆದಾಗ ಕ್ಯಾನ್ಸರ್ ಹರಡಿರುವುದನ್ನೂ ಆಕೆ ಗಮನಿಸಿ ವೈದ್ಯರಿಗೆ ತಿಳಿಸಿದಳು. 1949ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಬೇಲಿ ಎಂಬವರು ಆ ಗಂಟಿಗೆ ಆಕೆಯ ಹೆಸರನ್ನೇ ಇಟ್ಟರು. ವೈದ್ಯವಿದ್ಯಾರ್ಥಿಗಳು ಇಂದಿಗೂ ಅದನ್ನು ಆ ಹೆಸರಿನಿಂದಲೇ ಓದುತ್ತಾರೆ. ಪುಸ್ತಕ ಓದಿ ಕಂಡುಹಿಡಿದುದಲ್ಲ, ಕೈಯಿಂದ ಸೇವೆ ಮಾಡುತ್ತ ಕಂಡದ್ದು. ಮನೆಯಲ್ಲಿ ರೋಗಿಗೆ ಸ್ನಾನ ಮಾಡಿಸುವ ಹೆಂಡತಿಗೋ ಸೊಸೆಗೋ ಹೊಕ್ಕುಳಲ್ಲಿ, ಹಳೆಯ ಕಲೆಯ ಮೇಲೆ, ಎಡಗಡೆ ಕೊರಳೆಲುಬಿನ ಮೇಲೆ ಹೊಸ ಗಂಟು ಕೈಗೆ ಸಿಕ್ಕರೆ ಅದನ್ನು ಅಲಕ್ಷಿಸಬಾರದು. ಕಾರಣವಿಲ್ಲದೆ ತೂಕ ಇಳಿಯುವುದು, ಬೇಗ ಹೊಟ್ಟೆ ತುಂಬುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು ಇವೂ ಲಕ್ಷಣಗಳೇ.

ಲಕ್ಷಣ ಬರುವತನಕ ಕಾಯದೆ, ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷಗಳವರೆಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ವೈದ್ಯರನ್ನು ಕಾಣುವುದು ಪದ್ಧತಿ. ಆರೋಗ್ಯವಾಗಿದ್ದೇನೆಂದು ಬಿಟ್ಟುಬಿಡುವವರೇ ನಮ್ಮಲ್ಲಿ ಹೆಚ್ಚು. ತಪಾಸಣೆಗೆ ಹೋದವರಿಗೆಲ್ಲ ಮರುಕಳಿಕೆಯಿಂದ ಮುಕ್ತಿಯುಂಟೆಂದು ವೈದ್ಯರೂ ಹೇಳುವುದಿಲ್ಲ. ಆದರೆ ಶಸ್ತ್ರಕ್ಕೆ ಸಿಕ್ಕುವಂಥ ವಿರಳ ಮರುಕಳಿಕೆ, ಅದು ಒಂದೇ ಮೂಲೆಯಲ್ಲಿದ್ದಾಗ ಕಣ್ಣಿಗೆ ಬಿದ್ದರೆ ಮಾತ್ರ ಪ್ರಯೋಜನ. ಎಂಡೋಸ್ಕೋಪಿಯಿಂದ ಹೊಲಿಗೆಯನ್ನೂ ಉಳಿದ ಜಠರವನ್ನೂ ನೋಡುತ್ತಾರೆ. ಸಿ.ಟಿ. ಸ್ಕ್ಯಾನ್ ಉಳಿದ ಅಂಗಗಳಿಗೆ. ಪೆಟ್ ಸ್ಕ್ಯಾನ್ ಎಂಬುದೊಂದು ದುಬಾರಿ ಪರೀಕ್ಷೆಯಿದೆ. ಜಠರದ ಕ್ಯಾನ್ಸರಿನ ಕೆಲವು ಬಗೆಗಳು ಅದರಲ್ಲಿ ಬೆಳಗುವುದಿಲ್ಲವಾದ್ದರಿಂದ, ಅದು ಸ್ವಚ್ಛವೆಂದು ಬಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಮರಳಿ ಶಸ್ತ್ರ ಮಾಡುವ ಮುನ್ನ ಒಳ್ಳೆಯ ವೈದ್ಯರು ಬಹುಸಾರಿ ಸಣ್ಣ ರಂಧ್ರದಿಂದ ದುರ್ಬೀನು ಹಾಕಿ ಪೊರೆಯ ಮೇಲೆ ಸಾಸಿವೆಕಾಳುಗಳಿವೆಯೇ ಎಂದು ನೋಡುತ್ತಾರೆ. ಅವು ಕಂಡರೆ ದೊಡ್ಡ ಕತ್ತಿಯನ್ನು ಕೆಳಗಿಡುತ್ತಾರೆ. ಇದನ್ನು ಕೆಲವರು ವೃಥಾ ಖರ್ಚೆಂದು ಬಗೆಯುತ್ತಾರೆ. ನಮಗೆ ಹಾಗೆ ತೋರುವುದಿಲ್ಲ.

ಇನ್ನು ಕಾಗದಪತ್ರಗಳ ಮಾತು. ಹೊಲದ ಉತಾರವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಅರಿವೆ ಸುತ್ತಿ ಇಡುವ ನಾವು, ಆಸ್ಪತ್ರೆಯ ಕಾಗದಗಳನ್ನು ಮಾಡಿನ ಸಂದಿಯಲ್ಲಿ ತುರುಕಿ ಇಲಿಗೆ ಹಾಕುತ್ತೇವೆ. ಮೊದಲ ಸಲ ಎಷ್ಟು ಜಠರ ತೆಗೆದರು, ಯಾವ ರೀತಿ ಜೋಡಿಸಿದರು, ಎಷ್ಟು ಗ್ರಂಥಿಗಳಲ್ಲಿ ರೋಗವಿತ್ತು, ಯಾವ ಔಷಧ ಎಷ್ಟು ಸಲ ಕೊಟ್ಟರು ಎಂಬುದು ಬರೆದಿರುವುದು ಆ ಕಾಗದಗಳಲ್ಲಿಯೇ. ಎರಡನೆಯ ವೈದ್ಯರಿಗೆ ಅದು ಊರಿನ ನಕಾಶೆಯಿದ್ದಂತೆ. ಸವದತ್ತಿಯ ಆ ಮನೆತನದವರ ಬಳಿ ಬಿಲ್ಲುಗಳ ಕಟ್ಟು ಪೂರ್ತಿಯಾಗಿತ್ತು. ಶಸ್ತ್ರಕ್ರಿಯೆಯ ವಿವರದ ಹಾಳೆ ಮಾತ್ರ ಇರಲಿಲ್ಲ. ಅದನ್ನು ಮರಳಿ ಪಡೆಯಲು ಕಿರಿಯ ಮಗ ನಾಲ್ಕು ದಿನ ಅಲೆದ.

ಹೋಗುವುದೆಲ್ಲಿಗೆ? ನಮ್ಮ ಭಾಗದವರು ಹಿಂದೆ ಕ್ಯಾನ್ಸರ್ ಎಂದೊಡನೆ ಮುಂಬಯಿಯ ಟಾಟಾ ಆಸ್ಪತ್ರೆಗೆ, ಇಲ್ಲವೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಮೂಟೆ ಕಟ್ಟುತ್ತಿದ್ದರು. ಹುಬ್ಬಳ್ಳಿಯ ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆ ಉತ್ತರ ಕರ್ನಾಟಕದ ಬಡವರಿಗೆ ಬಹುಕಾಲದಿಂದ ಆಸರೆಯಾಗಿದೆ. 1916ರಲ್ಲಿ ಸಮಾಜದ ಸಪ್ತರ್ಷಿಗಳು ಬೆಳಗಾವಿಯಲ್ಲಿ ಶಾಲೆಯೊಂದರಿಂದ ಪ್ರಾರಂಭಿಸಿದ ಕೆ.ಎಲ್.ಇ. ಸಂಸ್ಥೆಯು ಮುಂದೆ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆಗಳನ್ನು ಕಟ್ಟಿದುದು ಎಲ್ಲರಿಗೂ ತಿಳಿದದ್ದೇ. 2025ರ ಜನವರಿಯಲ್ಲಿ ಅದರ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ಶ್ರೀಮತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಕಿತ್ತೂರಿನವರಿಗೆ ಹೆದ್ದಾರಿ ಬಾಗಿಲಲ್ಲಿಯೇ ಇದೆ, ಬೈಲಹೊಂಗಲಕ್ಕೆ ಬೆಳಗಾವಿ ದೂರವಲ್ಲ, ಸವದತ್ತಿಯವರಿಗೆ ಧಾರವಾಡ ಹುಬ್ಬಳ್ಳಿ ಹತ್ತಿರ. ಕಷ್ಟವಿರುವುದು ರಾಮದುರ್ಗದ ಒಳಹಳ್ಳಿಗಳವರಿಗೆ; ಅವರಿಗೆ ಎರಡೂ ನಗರಗಳು ದೂರವೇ. ಎಲ್ಲಿಗೆ ಹೋದರೂ ಶಸ್ತ್ರವೈದ್ಯರು, ಔಷಧದ ತಜ್ಞರು, ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣದ ತಜ್ಞರು ಒಂದೆಡೆ ಕುಳಿತು ನಿರ್ಣಯಿಸುವ ಸ್ಥಳವಾಗಿದ್ದರೆ ಒಳಿತು. ಒಬ್ಬರೇ ಕತ್ತಿಯೆಂದಾಗ, ಇನ್ನೊಬ್ಬರು ಬೇಡವೆಂದಾಗ, ಜಗಳವನ್ನು ರೋಗಿಯ ಮನೆಯವರು ಬಗೆಹರಿಸಬೇಕಾದುದಿಲ್ಲ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಹೊಲಕ್ಕೆ ಗಿರಾಕಿ ಹುಡುಕುವ ಮುನ್ನ ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ತೆಗೆದುಕೊಂಡು ಆಸ್ಪತ್ರೆಯ ಆ ಕಿಟಕಿಯಲ್ಲಿ ವಿಚಾರಿಸಬೇಕು.

ಭಕ್ತರು ಕೇಳುವ ಇನ್ನೊಂದು ಸಂದೇಹವಿದೆ: ಪದೇ ಪದೇ ಶರೀರಕ್ಕೆ ಶಸ್ತ್ರ ಹಾಕಿಸುವುದು ದೈವೇಚ್ಛೆಗೆ ವಿರುದ್ಧವಲ್ಲವೇ? ಕಾಯವನ್ನು ಗುಡಿಯೆಂದು ಬಗೆದ ಪರಂಪರೆ ನಮ್ಮದು. ಗುಡಿ ಶಿಥಿಲವಾದರೆ ದುರಸ್ತಿ ಮಾಡಿಸುತ್ತೇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವೇ ಅವರ ಕಾಯಕ. ಬೇರೆ ಪರಂಪರೆಯ ಒಂದು ನಿದರ್ಶನವನ್ನೂ ಹೇಳಬೇಕು. ಅರುಣಾಚಲದ ರಮಣ ಮಹರ್ಷಿಗಳ ಎಡತೋಳಿನಲ್ಲಿ ಗಂಟಾಗಿ, ಅದು ಕ್ಯಾನ್ಸರಿನ ಒಂದು ಬಗೆಯೆಂದು ತಿಳಿದು, 1949ರ ಒಂದೇ ವರ್ಷದಲ್ಲಿ ನಾಲ್ಕು ಸಲ ಶಸ್ತ್ರಕ್ರಿಯೆಯಾಯಿತು. ತೆಗೆದಂತೆಲ್ಲ ಮರಳಿತು. ಅವರು ವೈದ್ಯರಿಗೆ ಅಡ್ಡಿ ಮಾಡಲಿಲ್ಲ. ಆದರೆ ತೋಳನ್ನೇ ಕತ್ತರಿಸೋಣವೆಂದಾಗ ಒಪ್ಪಲಿಲ್ಲ. 1950ರ ಏಪ್ರಿಲ್ 14ರಂದು ದೇಹ ಬಿಟ್ಟರು. ಶಸ್ತ್ರಕ್ಕೆ ಒಪ್ಪಿದ್ದೂ ಅವರೇ, ಸಾಕೆಂದದ್ದೂ ಅವರೇ. ಎರಡರಲ್ಲಿಯೂ ನಮಗೆ ಕುಂದು ಕಾಣುವುದಿಲ್ಲ.

ಆಹಾರದ ಬಗ್ಗೆ ತಾಯಂದಿರಿಗೆ ಎರಡು ಮಾತು. ಜಠರ ಕಳೆದುಕೊಂಡವರಿಗೆ ಪಂಕ್ತಿಯಲ್ಲಿ ಕೂಡಿಸಿ “ಇನ್ನೊಂದು ಹೋಳಿಗೆ” ಎಂದು ಒತ್ತಾಯಿಸುವುದು ಉಪಚಾರವಲ್ಲ, ಉಪದ್ರವ. ಹುಗ್ಗಿ, ಪಾನಕದಂಥ ಸಿಹಿ ಪದಾರ್ಥ ಒಮ್ಮೆಲೇ ಕರುಳಿಗಿಳಿದರೆ ಬೆವರು, ತಲೆಸುತ್ತು, ಎದೆಬಡಿತ ಬರುತ್ತದೆ. ನುಚ್ಚು, ಮಜ್ಜಿಗೆ, ಮೆತ್ತಗೆ ಬೇಯಿಸಿದ ಬೇಳೆ, ಇವನ್ನು ಸ್ವಲ್ಪ ಸ್ವಲ್ಪವಾಗಿ ಆರು ಸಲ ಕೊಡಬೇಕು. ಪೂರ್ತಿ ಜಠರ ತೆಗೆದವರಿಗೆ ಬಿ-12 ಎಂಬ ಜೀವಸತ್ವ ಅನ್ನದಿಂದ ಹೀರುವುದೇ ಇಲ್ಲ. ಆಯುಷ್ಯವಿಡೀ ಅದರ ಇಂಜೆಕ್ಷನ್ ಬೇಕು. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಅದು ಮೊದಲೇ ಕಡಿಮೆ. ಇಂಥ ರೋಗಿಗಳು ಶ್ರಾವಣ ಸೋಮವಾರ, ಶಿವರಾತ್ರಿಗಳ ನಿರಾಹಾರವನ್ನು ಆಚರಿಸಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಇಷ್ಟಲಿಂಗ ಪೂಜೆಗೆ ಉಪವಾಸವೇ ಆಗಬೇಕೆಂದಿಲ್ಲ. ಯಾರಾದರೂ ಪ್ರಶ್ನಿಸಿದರೆ ನಮ್ಮ ಹೆಸರು ಹೇಳಿರಿ.

ಇಷ್ಟು ಬರೆಯುವುದಕ್ಕೆ ಬೇರೊಂದು ಕಾರಣವೂ ಇದೆ. ಹಲವು ವರ್ಷಗಳ ಹಿಂದೆ ಬೈಲಹೊಂಗಲದ ಕಡೆಯ ಒಬ್ಬ ಶರಣೆ, ಊಟ ಸೇರುವುದಿಲ್ಲ, ಎದೆ ಉರಿ ಎಂದು ನಮ್ಮಲ್ಲಿ ಹೇಳಿಕೊಂಡಿದ್ದಳು. ಪಿತ್ತವಿರಬೇಕು, ಅಜವಾನದ ಕಷಾಯ ಕುಡಿ ಎಂದು ನಾವು ಹೇಳಿ ಕಳುಹಿಸಿದೆವು. ಗುರುಗಳ ಮಾತೆಂದು ಆಕೆ ಆರು ತಿಂಗಳು ಅದನ್ನೇ ಕುಡಿದಳು. ಎಂಡೋಸ್ಕೋಪಿ ಮಾಡಿಸುವ ಹೊತ್ತಿಗೆ ಕಾಲ ಮಿಂಚಿತ್ತು. ಆಕೆಯ ಮನೆಯವರು ಇಂದಿಗೂ ನಮ್ಮನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತೆಂದು ಕೆಲವು ಸಲ ಅನಿಸುತ್ತದೆ.

ಎಂಟು ದಿನಗಳ ಮೇಲೆ ಸವದತ್ತಿಯವರು ಮರಳಿ ಬಂದರು. ವೈದ್ಯಮಿತ್ರರಿಬ್ಬರೂ ಕಾಗದಗಳನ್ನು ನೋಡಿ ಒಂದೇ ಮಾತು ಹೇಳಿದ್ದರು: ರೋಗ ಪೊರೆಯ ತುಂಬ ಹರಡಿದೆ, ಹೊಟ್ಟೆಯ ನೀರಿನಲ್ಲಿಯೂ ಕಂಡಿದೆ, ಇದರಲ್ಲಿ ಶಸ್ತ್ರಕ್ಕೆ ಎಡೆಯಿಲ್ಲ. ಅದನ್ನು ಮಗನಿಗೆ ತಿಳಿಸಿದೆವು. ತಂದೆಗೆ ಹೇಳುವುದೋ ಬೇಡವೋ ಎಂದು ಮನೆಯವರು ತಮ್ಮತಮ್ಮಲ್ಲಿ ಪಿಸುಗುಟ್ಟುತ್ತಿದ್ದಾಗ ಆ ಹಿರಿಯರೇ ಒಳಗೆ ಬಂದು ಕುಳಿತರು. “ಅಪ್ಪಾರ, ನಾ ಮೂವತ್ತ ವರ್ಷ ಹೊಲಾ ಉತ್ತೇನಿ. ಕಸ ಯಾವುದು ಬೆಳಿ ಯಾವುದು ನನಗ ಗೊತ್ತಿಲ್ಲೇನ್ರಿ? ಹೊಲಾ ಮಾರ್ಬ್ಯಾಡಂತ ನೀವ ಹೇಳ್ರಿ, ನನ್ ಮಾತ ಇವ್ರು ಕೇಳೂದಿಲ್ಲ” ಎಂದರು. ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದಂತೆ ನಟಿಸುವ ಭಾರವನ್ನೂ ಮೂರು ತಿಂಗಳು ಹೊತ್ತಿದ್ದರು.

ಹೊಲ ಮಾರಲಿಲ್ಲ. ಬೆಳಗಾವಿಯಲ್ಲಿ ಕೀಮೋ ಕೊಟ್ಟರು. ಯೋಜನೆಯ ನೆರವು ದೊರೆಯಿತು. ಹೊಟ್ಟೆಯ ನೀರನ್ನು ಆಗಾಗ ತೆಗೆಸಿದರು. ನೋವಿಗೆ ಮಾರ್ಫಿನ್ ಗುಳಿಗೆ ಕೊಟ್ಟಾಗ ಮನೆಯವರು ಚಟವಾದೀತೆಂದು ಅಂಜಿದರು. ವೈದ್ಯರು ಸಮಾಧಾನ ಹೇಳಿದರು. ಹಿಂಗಾರಿ ಜೋಳದ ಬಿತ್ತನೆಗೆ ಬಂಡಿಯಲ್ಲಿ ಕುಳಿತು ಹೊಲಕ್ಕೆ ಹೋಗಿಬಂದರು. ಎಳ್ಳಮಾವಾಸ್ಯೆಯ ಚರಗ ಚೆಲ್ಲುವುದನ್ನೂ ನೋಡಿದರು. ಸಂಕ್ರಾಂತಿಗೆ ಮುನ್ನ ಮನೆಯಲ್ಲಿಯೇ ಲಿಂಗೈಕ್ಯರಾದರು.

ಶಿವಗಣಾರಾಧನೆಗೆ ಹೋದಾಗ ಮಗ ನಮ್ಮನ್ನು ಬದಿಗೆ ಕರೆದು ಒಂದು ಸಂಗತಿ ಕೇಳಿದರು. ತಂದೆಗೆ ಬಂದದ್ದು ತಮಗೂ ಬರುವುದೇ? ಜಠರದ ಹುಣ್ಣಿಗೂ ಕ್ಯಾನ್ಸರಿಗೂ ಮೂಲವಾಗುವ ಒಂದು ಸೂಕ್ಷ್ಮಜೀವಿಯನ್ನು ಆಸ್ಟ್ರೇಲಿಯಾದ ವಾರನ್ ಮತ್ತು ಮಾರ್ಷಲ್ ಎಂಬ ವೈದ್ಯರು ಕಂಡುಹಿಡಿದು 2005ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಯಾರೂ ನಂಬದಿದ್ದಾಗ ಮಾರ್ಷಲ್ ಅವರು ಆ ಜೀವಿಗಳಿದ್ದ ದ್ರವವನ್ನು ತಾವೇ ಕುಡಿದು ತೋರಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 1994ರಲ್ಲಿಯೇ ಅದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತ್ತು. ಬಾಲ್ಯದಲ್ಲಿ ಮನೆಯೊಳಗೇ ಒಬ್ಬರಿಂದೊಬ್ಬರಿಗೆ ಅಂಟುವ ಜೀವಿ ಅದು. ಅಂಟಿದವರೆಲ್ಲರಿಗೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಮನೆಯಲ್ಲಿ ಒಬ್ಬರಿಗೆ ಆಗಿದ್ದರೆ ಉಳಿದವರು ಪರೀಕ್ಷಿಸಿಕೊಳ್ಳುವುದು ಕ್ಷೇಮ. ಬೀಡಿ ಸಿಗರೇಟುಗಳೂ ಅತಿಯಾದ ಉಪ್ಪೂ ಅಪಾಯವನ್ನು ಹೆಚ್ಚಿಸುತ್ತವೆ. ಇಷ್ಟನ್ನು ಅವರಿಗೆ ಹೇಳಿ, ವೈದ್ಯರ ವಿಳಾಸ ಬರೆದು ಕೊಟ್ಟೆವು.

ಮೊನ್ನೆ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಸಿಕ್ಕಿದ್ದರು. ಅಣ್ಣತಮ್ಮಂದಿರಿಬ್ಬರ ಪರೀಕ್ಷೆಯೂ ಆಗಿದೆಯಂತೆ. ಕಿರಿಯನಲ್ಲಿ ಆ ಜೀವಿ ಕಂಡುಬಂದು, ಎರಡು ವಾರದ ಗುಳಿಗೆ ನುಂಗಿದ್ದಾನಂತೆ. ತಾಯಿಯವರದು ಇನ್ನೂ ಆಗಬೇಕಾಗಿದೆ. ಬರುವ ವಾರ ಕರೆದುಕೊಂಡು ಹೋಗುತ್ತೇವೆ ಎಂದರು.